ಏಳನೆಯ ಸೆಟ್

ಹೊಳೆನರಸೀಪುರದ ನಮ್ಮ ವಾಚನಾಲಯದ ಮುಂದೆ ಒಂದು ಕಪ್ಪು ಹಲಗೆ ಇದೆ. ದಿನಾ ಬೆಳಿಗ್ಗೆ ಆರೂವರೆಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಇಂಗ್ಲಿಷ್ ಪದ ಹುಟ್ಟುತ್ತದೆ. ಆರು ಮೂವತ್ತೈದಕ್ಕೆ ಆ ಪದಕ್ಕೊಬ್ಬ ಕನ್ನಡದ ಅಪ್ಪ ಹುಟ್ಟುತ್ತಾನೆ. ‘ಹಸ್ಬೆಂಡ್: ಹಸಿದು ಬೆಂಡಾದವನು.’ ‘ಟವೆಲ್: ತೇವವೆಲ್ಲ ಎಳೆಯುವುದು.’ ಈ ಸಂಶೋಧನೆಗಳ ಕರ್ತೃ ನಮ್ಮ ಎದುರುಮನೆಯ ಯೋಗಾನರಸಿಂಹಯ್ಯನವರು.

ಅವರು ಮೂವತ್ತಮೂರು ವರ್ಷ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದವರು. ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸಿದವರು. ಕೆಲವು ಸಲ ಸಂಬಂಧವೇ ಇಲ್ಲದ ಮೂರನೆಯವರಿಗೂ ತಲುಪಿಸಿದ್ದುಂಟು. ಅರಕಲಗೂಡಿಗೆ ಹೋಗಬೇಕಾದ ಕಾಗದ ಅರಸೀಕೆರೆಗೆ ಹೋಗಿ, ಅಲ್ಲಿಂದ ಉತ್ತರವನ್ನೂ ಬರೆಸಿಕೊಂಡು ಬಂದಿದೆ. ನಿವೃತ್ತಿಯಾದ ಮೇಲೆ ಸ್ವಂತದ್ದೊಂದು ಮಾತು ಆಡಲು ಅವರಿಗೆ ಸಿಕ್ಕಿದ್ದು ಈ ಹಲಗೆ ಒಂದೇ.

ಆ ಹಲಗೆಗೇ ಸಂಚಕಾರ ಬಂದದ್ದು ಒಂದು ಸೋಮವಾರ. ಅಂದು ಹಲಗೆಯ ಮೇಲಿದ್ದದ್ದು: ‘ಸೆಟ್: ಮೂಲ, ಕನ್ನಡದ ಸೆಟೆ. ಸಿಮೆಂಟು ಸೆಟೆದುಕೊಂಡರೆ ಸೆಟ್ ಆಯಿತು ಎನ್ನುತ್ತಾರೆ.’

ವಾಚನಾಲಯದ ಅಧ್ಯಕ್ಷರಾದ ನಿವೃತ್ತ ಇಂಗ್ಲಿಷ್ ಪ್ರೊಫೆಸರ್ ಮುರಳೀಕೃಷ್ಣ ವಾಕಿಂಗಿಗೆ ಹೊರಟವರು ಅದನ್ನು ಓದಿ ಎತ್ತಿದ ಕಾಲನ್ನು ಹಾಗೇ ಹಿಡಿದುಕೊಂಡು ನಿಂತರು.

“ಇದೇನ್ರೀ ಅನಾಚಾರ ಯೋಗಾನರಸಿಂಹಯ್ಯ? ಸೆಟ್ ಅನ್ನೋದು ಹಳೇ ಇಂಗ್ಲಿಷಿನ ಸೆಟ್ಟನ್. ಸಿಟ್ ಅಂದ್ರೆ ಕೂರೋದು, ಸೆಟ್ ಅಂದ್ರೆ ಕೂರಿಸೋದು.”

“ಹಾಗಾದ್ರೆ ಟೀ ಸೆಟ್ಟು ಯಾರನ್ನ ಕೂರಿಸ್ತು ಸಾರ್?”

“ಅದರ ಮೂಲ ಬೇರೆ. ಲ್ಯಾಟಿನ್ನಿನ ಸೆಕ್ಟಾ. ಹಿಂಬಾಲಿಸೋದು, ಹಿಂಬಾಲಿಸೋರ ಗುಂಪು. ಎರಡು ಹೊಳೆ ಕೂಡಿ ಒಂದಾಗಿ ಹರೀತಿವೆ. ಒಂದು ಕೂರಿಸೋದು, ಇನ್ನೊಂದು ಹಿಂದೆ ಹೋಗೋದು. ಈ ಎರಡರ ಮಧ್ಯೆ ನಿಮ್ಮ ಸೆಟೆ ಎಲ್ಲಿಂದ ಬಂತು?”

“ನಮ್ಮ ಜನದ ಬಾಯಿಂದ ಬಂತು. ಸೆಟ್ ಅನ್ನೋ ಪದವನ್ನ ನಿಮ್ಮ ಇಂಗ್ಲಿಷಿನವರಿಗಿಂತ ನಮ್ಮ ಹಾಸನ ಜಿಲ್ಲೆಯೋರೇ ಜಾಸ್ತಿ ದುಡಿಸಿಕೊಂಡಿದಾರೆ.”

“ಎಷ್ಟು ಅರ್ಥದಲ್ಲಿ?”

“ಏಳು,” ಎಂದರು ಯೋಗಾನರಸಿಂಹಯ್ಯ. ಏಳು ಎಂದು ಯಾಕೆ ಹೇಳಿದಿರಿ ಅಂತ ಆಮೇಲೆ ಕೇಳಿದೆ. ಬಾಯಿಗೆ ಬಂದದ್ದು ಅದೇ ಎಂದರು.

ಪ್ರೊಫೆಸರರು ಮೇಲೆತ್ತಿದ್ದ ಕಾಲನ್ನು ಆಗ ಕೆಳಗಿಟ್ಟರು. “ಸರಿ. ಬರೋ ಭಾನುವಾರ ವಾರ್ಷಿಕೋತ್ಸವ. ನಿಮ್ಮದೇ ಉಪನ್ಯಾಸ. ಏಳು ಅರ್ಥ, ಪುಸ್ತಕದಿಂದಲ್ಲ, ಬದುಕಿನಿಂದ. ನಿಮ್ಮ ಬಾಯಿಂದಲೇ ಹೇಳಬೇಕು, ಬೇರೆಯವರ ಕೈಲಿ ಓದಿಸೋ ಹಾಗಿಲ್ಲ. ನನ್ನ ಮಗಳು ಆರತಿ ಲೆಕ್ಚರರ್ ಆಗೋಕೆ ಬರೆಯೋ ಸೆಟ್ ಪರೀಕ್ಷೆಗೆ ಪ್ರತಿ ಭಾನುವಾರ ಚನ್ನರಾಯಪಟ್ಟಣದಲ್ಲಿ ಕೋಚಿಂಗ್ ತಗೋತಿದಾಳೆ. ಅದನ್ನ ಲೆಕ್ಕಕ್ಕೆ ತರಬೇಡಿ, ಅದು ಬರೀ ಸಂಕ್ಷೇಪ. ಮಧ್ಯಾಹ್ನ ಹನ್ನೆರಡರೊಳಗೆ ಏಳೂ ಬಂದರೆ ಹಲಗೆ ಆಯುಷ್ಯಪೂರ್ತಿ ನಿಮ್ಮದು. ಇಲ್ಲದಿದ್ದರೆ ಅದರ ಮೇಲೆ ನಲ್ಲಿ ನೀರು ಬಿಡೋ ಟೈಮು ಬರೀತೀವಿ. ಸಮಿತಿಯೋರು ಕೇಳ್ತಾನೇ ಇದಾರೆ.”

ಯೋಗಾನರಸಿಂಹಯ್ಯನವರು ಅಂದೇ ಬಸ್ಸು ಹತ್ತಿದರು. ಮೂರು ದಿನ ಜಿಲ್ಲೆಯನ್ನು ಜಾಲಾಡಿದರು. ಎಲ್ಲಿ ಯಾರ ಬಾಯಿಂದ ಸೆಟ್ ಎಂಬ ಶಬ್ದ ಉದುರಿದರೂ ಅಲ್ಲೇ ಅವರ ನಂಬರು ಕೇಳಿ, ಹೆಸರಿನ ಹಿಂದೆ ಪದವಿ ಸೇರಿಸುವ ಗೌರವದಿಂದ ಫೋನಿಗೆ ಹಾಕಿಕೊಂಡರು. ಅರಕಲಗೂಡಿನಲ್ಲಿ ಮೋಟಾರು ಸುತ್ತುವವನು ‘ಸೆಟ್ ಕಾಂತರಾಜು’. ಚನ್ನರಾಯಪಟ್ಟಣದ ಹೋಟೆಲಿನವರು ‘ಸೆಟ್ ಗುಂಡಯ್ಯ’. ಹಾಸನದಲ್ಲಿ ನಾಟಕಗಳಿಗೆ ಪರದೆ ಬಾಡಿಗೆಗೆ ಕೊಡುವವನು ‘ಸೆಟ್ ಪಾಲಾಕ್ಷ’.

ಗುರುವಾರ ಸಂಜೆ ವಾಚನಾಲಯದಲ್ಲಿ ನನ್ನೆದುರು ಪಟ್ಟಿ ಬಿಚ್ಚಿದರು. ಏಳು ಇನ್ನೂ ತುಂಬಿರಲಿಲ್ಲ; ಆದರೂ ಉತ್ಸಾಹ ತಡೆಯಲಾರದೆ ಜೇಬಿನಿಂದ ಒಂದು ಕೋಡುಬಳೆ ತೆಗೆದು, “ಗೆಲುವು ನಮ್ಮದೇ ಕಣಯ್ಯ,” ಎಂದು ಕಡಿದರು. ಕಟಕ್ ಎಂದಿತು. ನಾನು ಕೋಡುಬಳೆ ಗರಿಗರಿಯಾಗಿದೆ ಅಂದುಕೊಂಡೆ. ಅವರು ಅಂಗೈಗೆ ಉಗುಳಿದ್ದನ್ನು ನೋಡಿದರೆ ಕೋಡುಬಳೆ ಇಡಿಯಾಗಿತ್ತು. ಮೇಲ್ಸಾಲಿನ ಕಟ್ಟಿಸಿದ ಹಲ್ಲು ಎರಡು ತುಂಡಾಗಿತ್ತು.

“ಅಯ್ಯೋ, ನನ್ನ ಶೆಟ್ಟು,” ಎಂದರು.

ಇಲ್ಲಿ ಎರಡು ಸಂಗತಿ ಹೇಳಬೇಕು. ಒಂದು, ಮನೆಯಲ್ಲಿ ಅದಕ್ಕೆ ‘ಕಟ್ಟಿಸಿದ ಹಲ್ಲು’ ಎಂದೇ ಹೆಸರು. ಸೆಟ್ ಎನ್ನುವುದು ಚನ್ನರಾಯಪಟ್ಟಣದಲ್ಲಿ ಅದನ್ನು ಮಾಡಿಕೊಟ್ಟ ಹಲ್ಲಿನ ಮನು ಮತ್ತು ಇವರ ನಡುವಿನ ಭಾಷೆ. ಎರಡು, ಆ ಹಲ್ಲಿನಲ್ಲಿ ಕೋಡುಬಳೆ ಮುಟ್ಟಕೂಡದು ಎಂದು ಹೆಂಡತಿ ಲಕ್ಷ್ಮೀದೇವಮ್ಮನವರು ಕಟ್ಟಪ್ಪಣೆ ಮಾಡಿದ್ದರು. ಆದ್ದರಿಂದ ತುಂಡುಗಳನ್ನು ಅಂದೇ ನನ್ನ ಕೈಲಿ ಮನುವಿಗೆ ಕಳಿಸಿ, ಇವರು ಮನೆಗೆ ಹೋಗಿ ಒಂದು ಚೀಟಿ ಬರೆದು ತೋರಿಸಿದರು: ‘ಉಪನ್ಯಾಸದವರೆಗೆ ಮೌನವ್ರತ. ಆಹಾರ ಗಂಜಿ ಮಾತ್ರ.’

ಲಕ್ಷ್ಮೀದೇವಮ್ಮ ಬೆರಗಾಗಿ ನಮ್ಮ ಮನೆಗೆ ಬಂದರು. “ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತಪ್ಪ. ಇವರು ನಿದ್ದೆಯಲ್ಲೂ ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ. ಮುಖದಲ್ಲಿ ಏನು ಶಾಂತಿ ಅಂತೀಯ, ಕೆನ್ನೆ ಎರಡೂ ಒಳಕ್ಕೆ ಹೋಗಿ ಋಷಿಗಳ ಹಾಗೆ ಕಾಣ್ತಾರೆ.”

ಬೀದಿಯಲ್ಲಿ ಗೌರವ ಹೆಚ್ಚಿತು. ಇಬ್ಬರು ಬಂದು ಕಾಲಿಗೆ ಬಿದ್ದರು. ಮೌನವ್ರತದ ಸುದ್ದಿ ಕೇಳಿ ಪ್ರೊಫೆಸರರಿಗೆ ಮಾತ್ರ ದಿಗಿಲಾಯಿತು; ಶಕ್ತಿ ಕೂಡಿಡುತ್ತಿದ್ದಾನೆ ಎಂದುಕೊಂಡು ಅವರೂ ನಿಘಂಟು ಹಿಡಿದು ಕೂತರು.

ಶುಕ್ರವಾರ ಯೋಗಾನರಸಿಂಹಯ್ಯ ವಾಚನಾಲಯದ ಹಿಂದೆ ನಿಂತು ಮನುವಿಗೆ ಫೋನು ಮಾಡಿದರು. ಎತ್ತಿದ್ದು ಯಾರೋ ಹೆಂಗಸು.

“ಹಲೋ, ನನ್ನ ಶೆಟ್ಟು ಎಲ್ಲಿಗೆ ಬಂತಮ್ಮ?”

“ಇಲ್ಲಿ ಯಾವ ಶೆಟ್ರೂ ಇಲ್ಲ ಕಣ್ರೀ.”

“ಶೆಟ್ರಲ್ಲ, ಶೆಟ್ಟು, ಶೆಟ್ಟು.”

“ಅದೇ ಏಳ್ತಿರೋದು. ಶೆಟ್ರ ಅಂಗಡಿ ಪಕ್ಕದ್ದು.”

ಮಾತು ಹಲ್ಲಿಲ್ಲದ ಬಾಯಲ್ಲಿ ನಿಲ್ಲುವುದಿಲ್ಲ ಎಂದು ಖಾತ್ರಿಯಾಗಿ ಮೆಸೇಜು ಬರೆದರು: ‘ಭಾನುವಾರ ಹತ್ತು ಗಂಟೆಯೊಳಗೆ ಹೊಳೆನರಸೀಪುರದ ವಾಚನಾಲಯಕ್ಕೆ ಸೆಟ್ ತಲುಪಲೇಬೇಕು. ಸೆಟ್ ಇಲ್ಲದೆ ನಾನು ಬಾಯಿ ತೆರೆಯುವಂತಿಲ್ಲ. ನನ್ನ ಮಾನ ನಿಮ್ಮ ಕೈಯಲ್ಲಿದೆ.’ ಕಳಿಸಲು ಫೋನಿನಲ್ಲಿ ಸೆಟ್ ಎಂದು ಹುಡುಕಿದರು. ಮೊದಲಿನಿಂದ ಇದ್ದ ‘ಸೆಟ್ ಮನು’ವೂ ಸೇರಿ ನಾಲ್ಕು ಹೆಸರು ಬಂದವು. ಮೂವತ್ತಮೂರು ವರ್ಷದ ಟಪಾಲು ಅನುಭವ ಕೈಬೆರಳಿಗೆ ಇಳಿಯಿತು. ನಾಲ್ವರಿಗೂ ಹೋಯಿತು.

ಶನಿವಾರ ಮನುವೇ ಫೋನು ಮಾಡಿದ. ವ್ರತಸ್ಥರು ಫೋನನ್ನು ಕೆಂಡದಂತೆ ಕೈಯಿಂದ ಕೈಗೆ ಹಾರಿಸುತ್ತಿದ್ದಾಗ ಲಕ್ಷ್ಮೀದೇವಮ್ಮ ಕಿತ್ತುಕೊಂಡರು.

“ಅಮ್ಮಾ, ಸಾರ್‌ಗೆ ಏಳ್ಬುಡಿ. ಸೆಟ್ಟು ರೆಡಿ ಆಯ್ತಾ ಐತೆ. ಹದಿನಾಲ್ಕೂ ಮುತ್ತಿದ್ದಂಗೆ ಬಂದವೆ. ಗುಲಾಬಿ ಬಣ್ಣದ ಬೇಸು. ನಾಳೆ ನಾನೇ ತತ್ತೀನಿ.”

ಲಕ್ಷ್ಮೀದೇವಮ್ಮ ಗೋಡೆ ಹಿಡಿದುಕೊಂಡರು. “ಅಳತೆ ಸರಿಹೋಗತ್ತೇನಪ್ಪ?”

“ಸಾರು ಅಳತೆ ಮೊದ್ಲೇ ಕೊಟ್ಟವ್ರಲ್ಲ. ಸುಮ್ಕೆ ಇಟ್ರೆ ಸಾಕು, ಕೂತ್ಕತದೆ.”

ಮೂವತ್ತು ವರ್ಷದಿಂದ ಆಕೆ ಒಂದು ನೆಕ್ಲೇಸು, ಓಲೆ, ಉಂಗುರದ ಸೆಟ್ ಕೇಳುತ್ತಿದ್ದರು. ಈಗ ಗಂಡ ಗುಟ್ಟಾಗಿ ಕತ್ತಿನ ಅಳತೆ ತೆಗೆದು, ಹೇಳಿಬಿಡುತ್ತೇನೋ ಎಂಬ ಹೆದರಿಕೆಗೆ ಮೌನವ್ರತವನ್ನೇ ಹಿಡಿದಿದ್ದಾನೆ ಎಂದುಕೊಂಡರು. ಅಂದು ಗಂಜಿಗೆ ತುಪ್ಪ ಬಿತ್ತು. ಸಂಜೆಯ ಹೊತ್ತಿಗೆ ಹದಿನಾಲ್ಕು ಮುತ್ತಿನ ಸುದ್ದಿ ಬೀದಿಯ ಕೊನೆಗೆ ಹೋಗಿ ಇಪ್ಪತ್ತೆಂಟಾಗಿ ವಾಪಸು ಬಂತು. ನಮ್ಮ ಮನೆಯವಳು ನನ್ನ ಕಡೆ ತಿರುಗಿ, “ಗಂಡಸರು ಮಾತು ಕಮ್ಮಿ ಮಾಡಿದ್ರೆ ಏನೆಲ್ಲ ಆಗತ್ತೆ ನೋಡಿ,” ಎಂದಳು.

ಭಾನುವಾರ ವಾಚನಾಲಯದ ಅಂಗಳ ತುಂಬಿತ್ತು. ವೇದಿಕೆಗೆ ಹತ್ತಲು ಮೇಸ್ತ್ರಿ ಚೆನ್ನಯ್ಯ ಬೆಳಿಗ್ಗೆ ತಾನೇ ಹೊಸ ಮೆಟ್ಟಿಲು ಹಾಕಿ, ಯಾರೂ ತುಳಿಯದಂತೆ ಪಕ್ಕದಲ್ಲಿ ಮರದ ಹಲಗೆ ಇಟ್ಟು ದಾರಿ ಮಾಡಿದ್ದ. ಲಕ್ಷ್ಮೀದೇವಮ್ಮ ರೇಷ್ಮೆ ಸೀರೆ ಉಟ್ಟು, ಹೊಸ ಸೆಟ್ಟಿಗೆ ಜಾಗ ಇರಲೆಂದು ಕತ್ತಿನ ಸರ ತೆಗೆದಿಟ್ಟು, ಮುಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಯೋಗಾನರಸಿಂಹಯ್ಯ ಬಾಯಿಗೆ ಟವೆಲ್ ಒತ್ತಿಕೊಂಡು ಗೇಟನ್ನೇ ನೋಡುತ್ತಿದ್ದರು.

ಹತ್ತಾಯಿತು. ಹತ್ತೂವರೆಯಾಯಿತು. ಹಲ್ಲಿನ ಮನುವಿನ ಸುಳಿವಿಲ್ಲ.

“ಈಗ ಉಪನ್ಯಾಸ,” ಎಂದು ಪ್ರೊಫೆಸರರು ಮೈಕು ಚಾಚಿದರು.

ಯೋಗಾನರಸಿಂಹಯ್ಯ ಎದ್ದರು, ಟವೆಲ್ ತೆಗೆದರು, ಮತ್ತೆ ಒತ್ತಿಕೊಂಡರು. ಆಗ ಗೇಟಿನಲ್ಲಿ ಲಗೇಜ್ ಆಟೋ ಒಂದು ಬಂದು ನಿಂತಿತು. ಅದರಿಂದ ಗ್ರೀಸು ಮೆತ್ತಿದ ಕಾಂತರಾಜು ಇಳಿದ. ಹಿಂದೆ ಇಬ್ಬರು ಕಬ್ಬಿಣದ ಮುದ್ದೆಯೊಂದನ್ನು ಹೊತ್ತು ತಂದು ಸಭೆಯ ನಡುವೆ ಇಳಿಸಿದರು.

“ಯಾರಪ್ಪ ನೀನು? ಏನಿದು?” ಎಂದರು ಪ್ರೊಫೆಸರು.

“ಸೆಟ್ಟು ಸಾ. ಐದ್ ಎಚ್‌ಪಿ ಪಂಪ್‌ಸೆಟ್ಟು. ಯಜಮಾನ್ರು ಮೆಸೇಜ್ ಆಕಿದ್ರು, ಮಾನ ನಿಮ್ ಕೈಲೈತೆ ಅಂತ. ಯಾರ ಗದ್ದೆ ಒಣಗೋಯ್ತಾ ಐತೋ ಅಂತ ಒಂದೇ ಉಸುರ್ಗೆ ಅರಕಲಗೂಡಿಂದ ಬಂದಿವ್ನಿ. ಬಾವಿ ಎಲ್ಲದೆ?”

ಹಿಂದಿನ ಸಾಲಿನಿಂದ ಯಾರೋ, “ಒಂದು,” ಎಂದರು.

ಯೋಗಾನರಸಿಂಹಯ್ಯನವರ ಕಣ್ಣು ಅಗಲವಾಯಿತು. ಏನಾಗಿದೆ ಎಂದು ಹೊಳೆದೊಡನೆ ಅವರು ಎದೆ ಸೆಟೆಸಿ, ಇದೆಲ್ಲ ತಮ್ಮದೇ ಏರ್ಪಾಡು ಎನ್ನುವಂತೆ ಪಂಪ್‌ಸೆಟ್ಟಿನ ಕಡೆ ಕೈ ಚಾಚಿದರು.

“ಸಾಕ್ಷಿ ಪರಿಶೀಲಿಸಬೇಕು,” ಎಂದು ಪ್ರೊಫೆಸರರು ವೇದಿಕೆಯಿಂದ ಇಳಿಯಲು ಹೊರಟರು. ಹತ್ತುವಾಗ ತುಳಿದು ಬಂದ ಪಕ್ಕದ ಮರದ ಹಲಗೆ ಆ ಆತುರದಲ್ಲಿ ಮರೆತುಹೋಯಿತು.

“ಸಾ, ಸಾ, ಸಾ, ಅಲ್ ಕಾಲಿಡ್ಬೇಡಿ, ಇನ್ನೂ ಸೆಟ್ಟಾಗಿಲ್ಲ,” ಎಂದು ಚೆನ್ನಯ್ಯ ಓಡಿ ಬರುವಷ್ಟರಲ್ಲಿ ಅಧ್ಯಕ್ಷರ ಬಲಗಾಲು ಗಿಣ್ಣಿನವರೆಗೆ ಹೊಸ ಮೆಟ್ಟಿಲಿನೊಳಗಿತ್ತು. ನಾಲ್ಕು ಜನ ಎಳೆದರು. ಕಾಲು ಬಂತು, ಬೂಟು ಬರಲಿಲ್ಲ.

“ಎರಡು,” ಎಂದಿತು ಹಿಂದಿನ ಸಾಲು.

“ನನ್ನ ಬೂಟು ತೆಗಿಯಯ್ಯ.”

“ಈಗ ಕಿತ್ರೆ ಮೆಟ್ಲು ಆಳಾಯ್ತದೆ ಸಾ. ನಾಳೀಕೆ ಸೆಟ್ಟಾಯ್ತದೆ, ಆಗ ಒಡ್ದು ಕೊಡ್ತೀನಿ.”

ಹನ್ನೊಂದಕ್ಕೆ ಚನ್ನರಾಯಪಟ್ಟಣದಿಂದ ಗುಂಡಯ್ಯನವರು ವ್ಯಾನಿನಲ್ಲಿ ಬಂದರು. ಬಾಳೆಲೆ ಮುಚ್ಚಿದ ಮೂರು ಬುಟ್ಟಿ, ಒಂದು ಕೊಳದಪ್ಪಲೆ ಸಾಗು. “ಅರವತ್ತು ಸೆಟ್ಟು ಅದೆ ಸ್ವಾಮಿ. ಸೆಟ್ಟಿಲ್ದೆ ಬಾಯಿ ತೆಗಿಯಾಕಿಲ್ಲ ಅಂತ ಬರೆದಿದ್ರಲ್ಲ, ನಮ್ ಹೋಟ್ಲು ಶುರುವಾದಾಗಿಂದ ಯಾವ ಗಿರಾಕಿನೂ ಇಂಗೆ ಹೊಗಳಿಲ್ಲ. ಕಣ್ಣಲ್ಲಿ ನೀರು ಬಂತು.”

“ಮೂರು” ಎಂದದ್ದು ಸರಿಯಾಗಿ ಕೇಳಲಿಲ್ಲ. ಹೇಳಿದವರ ಬಾಯಿಯಲ್ಲಿ ಆಗಲೇ ದೋಸೆ ಇತ್ತು.

ಅದರ ಹಿಂದೆಯೇ ಹಾಸನದ ಮಿನಿ ಲಾರಿ. ಪಾಲಾಕ್ಷ ಯಾರ ಅಪ್ಪಣೆಗೂ ಕಾಯದೆ ವೇದಿಕೆಯ ಹಿಂದೆ ಗಳ ನೆಟ್ಟು ಪರದೆ ಇಳಿಬಿಟ್ಟ. ಕಂಬ, ಕಮಾನು, ಎರಡು ನವಿಲು. ಮುಂದೆ ಒಂದು ಮರದ ಸಿಂಹಾಸನ. “ಅರಮನೆ ಸೆಟ್ಟೋ ಕಾಡಿನ ಸೆಟ್ಟೋ ಅಂತ ನೀವು ಬರ್ದಿರ್ಲಿಲ್ಲ. ಮಾನದ ಪ್ರಶ್ನೆ ಅಂದ್ರಲ್ಲ, ಕಾಡು ಯಾಕೆ, ಅರಮನೇನೇ ಇರ್ಲಿ ಅಂತ ತಂದೆ,” ಎಂದು, ಬಾಯಿ ಮುಚ್ಚಿ ನಿಂತ ಯೋಗಾನರಸಿಂಹಯ್ಯನವರನ್ನು ಸಿಂಹಾಸನದ ಮೇಲೆ ಕೂರಿಸಿಯೇ ಬಿಟ್ಟ.

“ನಾಲ್ಕು.”

ಸಭೆಗೆ ಹುಚ್ಚು ಹಿಡಿದಂತಾಯಿತು. ಇಷ್ಟು ಚೆನ್ನಾದ ಉಪನ್ಯಾಸವನ್ನು ಹೊಳೆನರಸೀಪುರ ಕಂಡಿರಲಿಲ್ಲ; ಭಾಷಣಕಾರ ಒಂದು ಮಾತೂ ಆಡುತ್ತಿರಲಿಲ್ಲ. ಪ್ರೊಫೆಸರರು ಒಂಟಿ ಬೂಟಿನಲ್ಲಿ ವಾಲಿಕೊಂಡು ಗಡಿಯಾರ ನೋಡಿದರು.

“ಹನ್ನೊಂದೂ ನಲವತ್ತು. ನಾಲ್ಕು ಆಗಿದೆ, ಒಪ್ಪಿದೆ. ಇನ್ನು ಮೂರು. ಅದೂ ಅಲ್ಲದೆ, ನಿಮ್ಮ ಬಾಯಿಂದ ಒಂದು ಮಾತೂ ಬಂದಿಲ್ಲ. ನಿಯಮ ನಿಯಮವೇ.”

ಸಿಂಹಾಸನದ ಮೇಲಿದ್ದವರು ಕುಗ್ಗಿದರು. ಅವರ ಕಣ್ಣು ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲಿತ್ತು. ಸಮಿತಿಯವನೊಬ್ಬ ಆಗಲೇ ಒದ್ದೆ ಬಟ್ಟೆ ಹಿಡಿದು ಅದರ ಪಕ್ಕ ನಿಂತಿದ್ದ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸ್ಕೂಟರೊಂದು ಸೀದಾ ಅಂಗಳಕ್ಕೇ ನುಗ್ಗಿತು. ಮನು. ಹಿಂದೆ ಹೆಲ್ಮೆಟ್ ಹಾಕಿದ ಒಂದು ಹುಡುಗಿ. ಒಂದು ಕೈ ಮನುವಿನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಎದೆಗೊತ್ತಿ ಹಿಡಿದ ಪುಟ್ಟ ಡಬ್ಬಿ.

“ಲೇಟಾಯ್ತು ಸಾರ್, ದಾರೀಲಿ ಪಂಚರ್ರು,” ಎಂದ ಮನು. “ಡಿಕ್ಕೀಲಿ ಇಟ್ರೆ ಕುಲುಕಾಟಕ್ಕೆ ತಿರ್ಗಾ ಒಡೀತದೆ ಅಂತ ಇವ್ರು ಕೈಲೇ ಇಟ್ಕಂಡು ಬಂದ್ರು.”

ಲಕ್ಷ್ಮೀದೇವಮ್ಮ ಆಗಲೇ ಎದ್ದಿದ್ದರು. ಡಬ್ಬಿಯನ್ನು ಇಸಿದುಕೊಂಡು ಕಣ್ಣಿಗೊತ್ತಿ, ಬೀದಿಯ ಹೆಂಗಸರೆಲ್ಲ ಕತ್ತು ಚಾಚಿರುವಾಗ, ಮುಚ್ಚಳ ತೆಗೆದರು. ಗುಲಾಬಿ ಬೇಸು. ಹದಿನಾಲ್ಕು ಮುತ್ತು. ಮನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಲ್ಲಿನ ಸೆಟ್ ಆಕೆಯನ್ನು ನೋಡಿ ನಗುತ್ತಿತ್ತು.

ಆಕೆ ಡಬ್ಬಿಯನ್ನು ಸಭೆಯ ಕಡೆ ತಿರುಗಿಸಿ ಹಿಡಿದರು. ಆಕೆಯ ಮಾತು ಮೈಕಿಲ್ಲದೆಯೇ ಎಲ್ಲರಿಗೂ ಕೇಳಿಸಿತು.

“ಮೂವತ್ತು ವರ್ಷದಿಂದ ಒಂದು ಸೆಟ್ಟು ಮಾಡಿಸಿ ಕೊಡಿ ಅಂತ ಕತ್ತಿಗೆ ಕೇಳಿದೆ. ಇವರು ಬಾಯಿಗೆ ತರಿಸಿದ್ರು.”

“ಐದು, ಆರು,” ಎಂದಿತು ಹಿಂದಿನ ಸಾಲು. ಒಡವೆಯದೊಂದು, ಹಲ್ಲಿನದೊಂದು. ಪ್ರೊಫೆಸರರೂ ತಲೆಯಾಡಿಸಿದರು.

ಯೋಗಾನರಸಿಂಹಯ್ಯ ಸಿಂಹಾಸನದಿಂದ ಹಾರಿ ಬಂದು ಡಬ್ಬಿಗೆ ಕೈ ಹಾಕಿ, ಅರಮನೆಯ ಕಡೆ ತಿರುಗಿ ಹಲ್ಲು ಕೂರಿಸಿಕೊಂಡರು. ಟಕ್ ಎಂದಿತು. ಕೆನ್ನೆ ತುಂಬಿತು. ಋಷಿ ಹೋಗಿ ಗುಮಾಸ್ತ ಬಂದ.

“ಸಭಿಕರೇ,” ಎಂದರು. ಸ ಅಷ್ಟು ಸ್ಪಷ್ಟವಾಗಿತ್ತು ಎಂದರೆ ಜನ ಚಪ್ಪಾಳೆ ತಟ್ಟಿದರು.

“ಏಳನೆಯದು?” ಎಂದರು ಪ್ರೊಫೆಸರು. “ಇನ್ನು ಆರು ನಿಮಿಷ.”

ಯೋಗಾನರಸಿಂಹಯ್ಯನವರ ಬಾಯಲ್ಲಿ ಹಲ್ಲಿತ್ತು, ಮಾತಿರಲಿಲ್ಲ. ಹುಡುಕಿದ್ದೆಲ್ಲ ಮುಗಿದಿತ್ತು. ಸೋಮವಾರ ಏಳು ಎಂದದ್ದು ಬರೀ ಬಾಯಿಗೆ ಬಂದ ಸಂಖ್ಯೆ.

ಅಷ್ಟರಲ್ಲಿ ಸಿಟ್ಟನ್ನು ಯಾರ ಮೇಲಾದರೂ ಇಳಿಸಬೇಕಾಗಿದ್ದ ಲಕ್ಷ್ಮೀದೇವಮ್ಮ ಹೆಲ್ಮೆಟ್ಟಿನ ಹುಡುಗಿಯ ಕಡೆ ತಿರುಗಿದರು. “ನೀನ್ಯಾರಮ್ಮ? ಎದೆಗೆ ಅವುಚಿಕೊಂಡು ತಂದದ್ದು ನೋಡಿ ಒಡವೆ ಅಂಗಡಿಯವಳು ಅಂದುಕೊಂಡೆ. ಮುಖ ತೋರಿಸು.”

ಹುಡುಗಿ ಹೆಲ್ಮೆಟ್ ತೆಗೆದಳು. ಆರತಿ. ಪ್ರೊಫೆಸರರ ಒಬ್ಬಳೇ ಮಗಳು.

ದೋಸೆ ತಿನ್ನುತ್ತಿದ್ದವರೂ ನಿಲ್ಲಿಸಿದರು. ಪ್ರೊಫೆಸರರ ಬರಿಗಾಲಿನ ಬೆರಳುಗಳು ಮುದುರಿಕೊಂಡವು.

“ನೀನು ಕೋಚಿಂಗಿನಲ್ಲಿರಬೇಕಿತ್ತಲ್ಲ?”

“ಮೂಲೇಲಿ ಇಳಿದುಬಿಡೋಣ ಅಂತಿದ್ದೆ ಅಪ್ಪ. ಟೈಮಾಗಿಹೋಗಿತ್ತು. ಯೋಗಣ್ಣನ ಹಲಗೆ ಹೋಗಿಬಿಡ್ತಿತ್ತು.”

“ಪ್ರತಿ ಭಾನುವಾರ ಹೋಗ್ತಿದ್ದದ್ದು?”

ಆರತಿ ನೆಲ ನೋಡಿದಳು. “ಸೆಟ್‌ಗೆ ತಯಾರಿ ಅಂತ ಹೇಳಿದ್ದೆನಲ್ಲ.”

ಈ ಊರಿನ ಸಂಬಂಧ ಗೊತ್ತಿಲ್ಲದ ಕಾಂತರಾಜು ಪಂಪ್‌ಸೆಟ್ಟಿನ ಮೇಲೆ ಕೂತು ಒಬ್ಬನೇ ಇನ್ನೂ ದೋಸೆ ತಿನ್ನುತ್ತಿದ್ದವನು ಪಕ್ಕದವನಿಗೆ ಹೇಳಿದ. ಪಿಸುಮಾತೆಂದು ಅವನ ನಂಬಿಕೆ. ಆದರೆ ಅವನು ಬದುಕೆಲ್ಲ ಮೋಟಾರಿನ ಸದ್ದಿನಲ್ಲಿ ಮಾತಾಡಿದವನು. “ಇವ್ರಿಬ್ರಿಗೂ ಸೆಟ್ಟಾಗೈತೆ ಕಣ್ಲಾ.”

ಹಿಂದಿನ ಸಾಲು ಈ ಸಲ ಎಣಿಸಲಿಲ್ಲ. ಎಲ್ಲರೂ ಯೋಗಾನರಸಿಂಹಯ್ಯನವರನ್ನು ನೋಡಿದರು. ಏಳನೆಯದು ಅವರ ಬಾಯಿಯ ಮುಂದೆ ನಿಂತಿತ್ತು, ಹೊಸ ಹಲ್ಲಿನಿಂದ ಒಮ್ಮೆ ಕಚ್ಚಿದರೆ ಸಾಕು. ಅವರು ಹಲಗೆಯನ್ನು ನೋಡಿದರು. ಒದ್ದೆ ಬಟ್ಟೆಯವನನ್ನು ನೋಡಿದರು. ಒಂಟಿ ಬೂಟಿನ ಅಪ್ಪನನ್ನು ನೋಡಿದರು.

“ಆರೇ ಸಾರ್,” ಎಂದರು. “ನನಗೆ ಸಿಕ್ಕಿದ್ದು ಆರೇ. ಸೋತೆ. ನೀರಿನ ಟೈಮು ಬರೆಸಿ.”

ಒದ್ದೆ ಬಟ್ಟೆ ಹಲಗೆಗೆ ತಾಗಿತು.

“ಏಯ್, ನಿಲ್ಲಿಸಯ್ಯ,” ಎಂದರು ಪ್ರೊಫೆಸರು. ಅವರು ಮಗಳನ್ನು ನೋಡಿದರು, ಮನುವನ್ನು ನೋಡಿದರು, ಕೊನೆಗೆ ಬಹಳ ಹೊತ್ತು ಆ ಸ್ಕೂಟರಿನ ಹಿಂದಿನ ಸೀಟನ್ನು ನೋಡಿದರು.

“ಎಣಿಕೆಯಲ್ಲಿ ಮೋಸ ಮಾಡಬೇಡಿ ಯೋಗಾನರಸಿಂಹಯ್ಯ. ಏಳಾಗಿದೆ. ಕೂರಿಸಿದ್ದು ಅವನು. ಹಿಂದೆ ಹೋದದ್ದು ಇವಳು. ಸೋಮವಾರ ನಾನು ಹೇಳಿದ ಎರಡು ಮೂಲವೂ ಒಂದೇ ಸ್ಕೂಟರಿನ ಮೇಲೆ ಬಂದಿವೆ. ಇದನ್ನ ಒಪ್ಪದಿದ್ರೆ ನಾನೆಂಥ ಮೇಷ್ಟ್ರು?”

ಆಮೇಲೆ ಮನುವಿನ ಕಡೆ ತಿರುಗಿ, “ಏನಪ್ಪ, ದೋಸೆ ತಿಂದು ಹೋಗು. ಸಂಜೆ ನಿಮ್ಮ ತಂದೆ ನಂಬರು ಕಳಿಸು,” ಎಂದು, ಕುಂಟುತ್ತ ಮನೆಗೆ ಹೊರಟರು. ಗುಂಡಯ್ಯನವರು ಹಿಂದೆ ಓಡಿ ಒಂದು ಸೆಟ್ ಕಟ್ಟಿ ಕೊಟ್ಟರು.

ಮರುದಿನ ಬೆಳಿಗ್ಗೆ ಆರೂವರೆಗೆ ಹಲಗೆಯ ಮೇಲೆ ಹೊಸ ಪದ ಹುಟ್ಟಿತ್ತು: ‘ಅಪ್‌ಸೆಟ್. ಮೂಲ: ಅಪ್ಪ + ಸೆಟ್. ಮಗಳು ಸೆಟ್ ಆದಾಗ ಅಪ್ಪನಿಗೆ ಆಗುವುದು.’

ಬರೆದ ಮೇಲೆ ಹೆದರಿಕೆಯಾಗಿ ಯೋಗಾನರಸಿಂಹಯ್ಯ ನಮ್ಮ ಜಗಲಿಯ ಕಂಬದ ಹಿಂದೆ ಬಂದು ನಿಂತರು. ಪ್ರೊಫೆಸರರು ವಾಕಿಂಗಿಗೆ ಬಂದರು. ಚಪ್ಪಲಿ ಹಾಕಿದ್ದರು, ಬೂಟು ಇನ್ನೂ ಮೆಟ್ಟಿಲಿನಲ್ಲೇ ಇತ್ತು. ಹಲಗೆಯ ಮುಂದೆ ನಿಂತು ಓದಿದರು. ಸೀಮೆಸುಣ್ಣ ಎತ್ತಿಕೊಂಡು, ಉತ್ತರಪತ್ರಿಕೆ ತಿದ್ದುವ ಗತ್ತಿನಲ್ಲಿ ಕೆಳಗೆ ಎರಡು ಸಾಲು ಬರೆದು, ಸಹಿ ಹಾಕಿ ಮುಂದೆ ನಡೆದರು.

ಅವರು ತಿರುವಿನಲ್ಲಿ ಮರೆಯಾದ ಮೇಲೆ ನಾವಿಬ್ಬರೂ ಹೋಗಿ ನೋಡಿದೆವು.

‘ಮೂಲ ತಪ್ಪು.
ಅರ್ಥ ಸರಿ.’